ಮಾವನ ಮೀಸೆಯೂ ಮೂರು ಸರ್ಕಾರಗಳೂ

ನನ್ನ ಸೋದರಮಾವನಿಗೆ ನಮ್ಮ ಕರಾವಳಿಯ ಕಂಕನಾಡಿಯಲ್ಲಿ ಒಂದು ಹೋಟೆಲು, ಮೂಗಿನ ಕೆಳಗೆ ಒಂದು ಮೀಸೆ. ಹೋಟೆಲಿಗಿಂತ ಮೀಸೆಯ ಉಸ್ತುವಾರಿಯೇ ಜಾಸ್ತಿ. "ನನ್ನ ಅಪ್ಪ ಬ್ರಿಟಿಷರ ಕಾಲದ ಮೆಜಿಸ್ಟ್ರೇಟ್, ಗೆಜೆಟಿನಲ್ಲಿ ಹೆಸರು ಬಂದಿತ್ತು" ಅನ್ನುವಾಗ ಅದರ ತುದಿ ತಿರುವದಿದ್ದರೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ಕೇಳಿ ಕೇಳಿ ನಮಗೆ ಸಾಕುಬೇಕಾಗಿತ್ತು.

ಬಂದರಿನಲ್ಲಿ ಒಣಮೀನಿನ ವ್ಯಾಪಾರ ಮಾಡುವ ಸಾಹೇಬರು ಮಾವನಿಗೆ ಶಾಲೆಯ ಕಾಲದ ದೋಸ್ತಿ. ಒಂದು ದಿನ ಚಾ ಕುಡಿಯುತ್ತಾ ಅವರು, "ಆ ಗೆಜೆಟ್ ಒಮ್ಮೆ ತೋರಿಸು ಮಾರಾಯ" ಅಂದರು. ಮಾವನಿಗೆ ಉರಿಯಿತು. "ತೋರಿಸದಿದ್ದರೆ ಮೀಸೆ ಬೋಳಿಸ್ತೇನೆ!"

ಇಡೀ ಹೋಟೆಲು ಕೇಳಿಸಿಕೊಂಡಿತು. ಮಾವನ ಮಗಳ ಮದುವೆಗೆ ಉಳಿದದ್ದು ಎಂಟೇ ದಿನ. ಮನೆಗೆ ಬಂದವರೇ, "ನೀನು ಕಾಲೇಜಿಗೆ ಹೋಗುವವಳಲ್ವಾ, ಹುಡುಕು ಮಗಾ" ಅಂದರು. ಬಾಯಿ ಬಿಟ್ಟದ್ದು ಅವರು, ಧೂಳು ತಿನ್ನಬೇಕಾದದ್ದು ನಾನು! ಆದರೂ ಮೀಸೆಯಿಲ್ಲದ ಮಾವ ಧಾರೆ ಎರೆಯುವುದನ್ನು ನೆನೆದು ಅಯ್ಯೋ ಪಾಪ ಅನಿಸಿತು.

ಆಗ ಲೈಬ್ರರಿಯಲ್ಲಿ ಏನು ಬೇಕಾದರೂ ಕಾರ್ಡುಗಳಲ್ಲೇ ಹುಡುಕಬೇಕು. ಉದ್ದುದ್ದ ಮರದ ಡ್ರಾಯರುಗಳು. ಸರ್ಕಾರ ಹೊರಡಿಸಿದ್ದೆಲ್ಲ ಆ ಸರ್ಕಾರದ ಹೆಸರಿನಡಿ. ಎರಡು ದಿನ 'ಕರ್ನಾಟಕ' ಕೆದಕಿದೆ. ಇಲ್ಲ. ರಾಜ್ಯಕ್ಕೆ ಆ ಹೆಸರು ಬಂದದ್ದೇ ಮೊನ್ನೆ ಮೊನ್ನೆ ಅಂತ ಹೊಳೆದು 'ಮೈಸೂರು' ಎಳೆದೆ. ಅಲ್ಲೂ ಇಲ್ಲ. ಮೂರನೇ ದಿನ ಲೈಬ್ರರಿ ನೋಡಿಕೊಳ್ಳುವ ಬಾಯಮ್ಮನಿಗೆ ತಡೆಯಲಾಗಲಿಲ್ಲ. "ಎಂತ ಹುಡುಕುವುದು?" ಹೇಳಿದೆ. "ಬ್ರಿಟಿಷರ ಕಾಲದಲ್ಲಿ ನಾವು ಮದ್ರಾಸಿನವರು ಮಾರಾಯ್ತಿ!" ಹುಟ್ಟಿದ ಊರನ್ನು ಯಾರು ಆಳಿದ್ದು ಅಂತ ಗೊತ್ತಿಲ್ಲದೆ ನಾನು ಡಿಗ್ರಿ ಓದುತ್ತಿದ್ದೆ.

ಮದ್ರಾಸಿನ ಡ್ರಾಯರಿನಲ್ಲಿ ಜಿಲ್ಲಾ ಗೆಜೆಟಿನ ಕಾರ್ಡು ಸಿಕ್ಕಿತು. ಅದರ ನಂಬರು ಹಿಡಿದು ಕಪಾಟು, ಕಪಾಟಿನಲ್ಲಿ ಹುಳ ತಿಂದ ಸಂಪುಟಗಳು. ಐದನೆಯದರಲ್ಲಿ ಅಜ್ಜನ ಹೆಸರು! ಊರೂ ಸರಿ. ಹುದ್ದೆ: ಬೀಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿಯ ಮೇಲ್ವಿಚಾರಕ.

ನಾನು ನಕ್ಕ ನಗೆಗೆ ಬಾಯಮ್ಮ ಮೇಜು ಕುಟ್ಟಿದರು.

ಚೀಟಿಯಲ್ಲಿ ಬರೆದು ತಂದುಕೊಟ್ಟೆ. ಮಾವ ನಗಲಿಲ್ಲ. "ಅಪ್ಪ ನನ್ನ ಹತ್ತಿರ ಸುಳ್ಳು ಹೇಳಿದ್ದಾ?" ಅಂತ ಕೇಳಿದರು. ಅಷ್ಟೇ, ನನ್ನ ನಗೆ ಇಳಿಯಿತು. ಇದನ್ನು ಯಾಕಾದರೂ ಹುಡುಕಿದೆನೋ ಅನಿಸಿತು.

ಮರುದಿನ ಬೆಳಿಗ್ಗೆ ಮಾವ ಕನ್ನಡಿ ಇಟ್ಟುಕೊಂಡು ಮೀಸೆಗೆ ಸೋಪಿನ ನೊರೆ ಹಚ್ಚಿಯೂ ಆಗಿತ್ತು. ನಾನು ಓಡಿಹೋಗಿ ಸಾಹೇಬರನ್ನು ಕರೆತಂದೆ. ಅವರು ಚೀಟಿ ಓದಿದರು.

"ಇದು ನನಗೆ ಗೊತ್ತುಂಟು. ನಮ್ಮ ಆಡನ್ನು ನಿನ್ನ ಅಪ್ಪನೇ ಹಿಡಿದು ದೊಡ್ಡಿಗೆ ಹಾಕಿದ್ದು. ಸಣ್ಣವನಿರುವಾಗ ಅಳುತ್ತಾ ಹೋದೆ, ದಂಡವಿಲ್ಲದೆ ಬಿಟ್ಟರು."

"ಗೊತ್ತಿದ್ದೂ ಕೇಳಿದ್ದು ಎಂತಕ್ಕೆ?"

"ದಿನಾ ಚಾದೊಟ್ಟಿಗೆ ಮೆಜಿಸ್ಟ್ರೇಟರನ್ನೂ ಕುಡಿಯಲಿಕ್ಕೆ ಆಗ್ತದಾ ಮಾರಾಯ? ನಿನಗೇ ಗೊತ್ತಿಲ್ಲ ಅಂತ ನಾನು ಎಣಿಸಲಿಲ್ಲ." ಹೆಗಲ ಮೇಲಿನ ಬೈರಾಸು ತೆಗೆದು ನೊರೆಯನ್ನು ತಾವೇ ಒರೆಸಿದರು. "ಗೆಜೆಟಿನಲ್ಲಿ ಹೆಸರು ಉಂಟಾ? ಉಂಟು. ಪಂಥ ಮುಗಿಯಿತು."

ಮದುವೆಯ ದಿನ ಮೀಸೆ ಇತ್ತು, ಆದರೆ ಬಾಗಿಲಲ್ಲಿ ನಿಂತ ಮಾವ ಅದನ್ನು ಮುಟ್ಟುತ್ತಿರಲಿಲ್ಲ. ಗಂಡಿನ ಕಡೆಯ ಹಿರಿಯರು ಬಂದಾಗ ಸಾಹೇಬರೇ ಮುಂದೆ ಬಂದು ಗಟ್ಟಿಯಾಗಿ ಹೇಳಿದರು: "ಇವರು ಮೆಜಿಸ್ಟ್ರೇಟರ ಮಗ. ಗೆಜೆಟಿನಲ್ಲಿ ಬಂದದ್ದುಂಟು."

ಮಾವನ ಕೈ ಮೀಸೆಗೆಂದು ಹೊರಟದ್ದು, ಕಣ್ಣಿಗೆ ಹೋಯಿತು.