ಲೋಕದ ತೀರ್ಪುಗಾರ ವೀರಬಸಪ್ಪ
ಸೊರಬದ ಬಸ್‌ಸ್ಟ್ಯಾಂಡಿನ ಎದುರಿಗಿರುವ ಮಾಸ್ತಮ್ಮನ ಹೋಟೆಲಿನಲ್ಲಿ ಲೋಕದ ವ್ಯಾಜ್ಯಗಳೆಲ್ಲ ಬೆಳಗಿನ ಎಂಟೂವರೆಗೆ ಇತ್ಯರ್ಥವಾಗುತ್ತಿದ್ದವು. ವೀರಬಸಪ್ಪ ಪೇಪರು ಬಿಡಿಸುತ್ತಿದ್ದುದು ಆ ಹೊತ್ತಿಗೆ. ಪಂಚೆಯ ಅಂಚಿನಿಂದ ಕನ್ನಡಕ ಒರೆಸಿಕೊಂಡು "ನೋಡ್ರೀ, ನಾ ಹೇಳ್ತೀನಿ" ಎಂದರೆ ಸಾಕು, ಮಂಡಕ್ಕಿ ಮೆಲ್ಲುತ್ತಿದ್ದವರೂ ಬಾಯಾಡಿಸುವುದನ್ನು ನಿಲ್ಲಿಸಬೇಕು; ಟೀ ಆರುವುದರೊಳಗೆ ಎರಡು ದೇಶಗಳ ಗಡಿ ತೀರ್ಮಾನವಾಗಿಬಿಡುತ್ತಿತ್ತು. ಮರಳುಗಾಡಿನ ದೇಶವೊಂದರಲ್ಲಿ ಒಂಬತ್ತು ವರ್ಷ ಲಾರಿ ಓಡಿಸಿ ಬಂದವರು ಅವರು. ಅಲ್ಲಿ ಜೊತೆಗೆ ದುಡಿಯುತ್ತಿದ್ದ, ಆ ದೇಶದವನೇ ಆದ ಯೂಸುಫನ ಅಣ್ಣನನ್ನು ಸರ್ವಾಧಿಕಾರಿಯ ಪೊಲೀಸರು ಹಾಡಹಗಲೇ ಎಳೆದೊಯ್ದದ್ದನ್ನು ಕಣ್ಣಾರೆ ಕಂಡಿದ್ದರು. ಹಾಗಾಗಿ, ಹೊರಗಿನ ಸೈನ್ಯವೊಂದು ನುಗ್ಗಿ ಆ ಸರ್ವಾಧಿಕಾರಿಯನ್ನು ಹಿಡಿದ ದಿನ ಇಡೀ ಹೋಟೆಲಿಗೆ ಮೈಸೂರುಪಾಕು ಹಂಚಿದರು. "ಒಬ್ಬನ್ನ ಹಿಡಿಯಕ್ಕೆ ಇಡೀ ದೇಶಕ್ಕೇ ನುಗ್ಗಬಹುದೇನ್ರೀ?" ಎಂದು ಮಾಸ್ತಮ್ಮ ಕೇಳಿದರೆ, "ಅಂಥ ರಾಕ್ಷಸ ಸಿಕ್ಕಿದ್ನಲ್ಲ ಮಾರಾಯ್ತಿ, ಇನ್ನೇನು ಬೇಕು?" ಎಂದು ನಕ್ಕರು. ಸೈನ್ಯ ಮಾತ್ರ ವರ್ಷ ಕಳೆದರೂ ಅಲ್ಲಿಂದ ಕದಲಲಿಲ್ಲ. ಒಂದು ಬೆಳಿಗ್ಗೆ ಹೋಟೆಲಿನಲ್ಲಿ ಕೂತಿದ್ದಾಗಲೇ ಯೂಸುಫನ ಫೋನು ಬಂತು. ರೊಟ್ಟಿ ತರಲು ಹೋಗಿದ್ದ ಅವನ ಹನ್ನೊಂದು ವರ್ಷದ ಮಗಳನ್ನು ಆ ಸೈನಿಕರು ರಸ್ತೆಯ ಚೆಕ್‌ಪೋಸ್ಟಿನ ಬಳಿ ಗುಂಡಿಕ್ಕಿ ಕೊಂದಿದ್ದರು. ನಿಲ್ಲು ಎಂದು ಅವರು ಕೂಗಿದ್ದು ಅವಳಿಗೆ ತಿಳಿಯದ ಭಾಷೆಯಲ್ಲಿ. ಯೂಸುಫ್ ಅಳುತ್ತಿರಲಿಲ್ಲ. "ಆ ರಾಕ್ಷಸ ಸಿಕ್ಕಿಯಾಯ್ತಲ್ಲ ವೀರಣ್ಣ, ಇವರು ಇನ್ನೂ ಯಾರನ್ನ ಹುಡುಕ್ತಿದ್ದಾರೆ?" ಎಂದಷ್ಟೇ ಕೇಳಿದ. ವೀರಬಸಪ್ಪ ಫೋನನ್ನು ಕಿವಿಗೆ ಒತ್ತಿ ಹಿಡಿದು ಎದ್ದು ನಿಂತರು, ಇನ್ನೊಂದು ಕೈಯಲ್ಲಿ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಆ ಕಡೆ ಯೂಸುಫ್ ಕಾಯುತ್ತಲೇ ಇದ್ದ.