ಸ್ಪೀಕರಿನಲ್ಲಿ ಅತ್ತೆಯ ದನಿ

ಕೊಯಮತ್ತೂರಿನಲ್ಲಿ ಕೆಲಸಕ್ಕಿದ್ದಾಗ ನಾನು ಸ್ವಿಂಗ್ ಕಲಿತೆ. ಹಳೆಯ ಜಾಝ್ ಹಾಡುಗಳಿಗೆ ಇಬ್ಬಿಬ್ಬರು ಕೈಹಿಡಿದು ಕುಣಿಯುವ ಕುಣಿತ ಅದು. ಮದುವೆಯಾಗಿ ಜೀರಹಳ್ಳಿಗೆ ಬಂದ ಮೇಲೆ ತಾಳವಾಡಿಯ ಕಲ್ಯಾಣ ಮಂಟಪದ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಹೆಂಗಸರಿಗೆ ಕಲಿಸತೊಡಗಿದೆ. ಕುಣಿಯುವವರೆಲ್ಲ ಹೆಂಗಸರು, ಹಾಡು ಹಾಕುವ ಡಿಜೆ ಮಾತ್ರ ಸತ್ಯಮಂಗಲದಿಂದ ಬೈಕಿನಲ್ಲಿ ಬರುವ ನನ್ನ ಹಳೆಯ ಗೆಳೆಯ. “ನೀವೂ ಡಿಜೆ ಆಗಿ ನೋಡಿ, ಹೆದರಬೇಡಿ” ಎಂದು ಎಲ್ಲರಿಗೂ ಹೇಳುತ್ತಿದ್ದೆ. ಯಾರೂ ಮುಂದೆ ಬರುತ್ತಿರಲಿಲ್ಲ. ನಾನೂ ಎಂದೂ ಹಾಡು ಹಾಕಿದವಳಲ್ಲ.

ಕಳೆದ ತಿಂಗಳು ದಿಂಬಂ ಘಾಟಿಯ ತಿರುವಿನಲ್ಲಿ ಲಾರಿಯೊಂದು ಸಿಕ್ಕಿಕೊಂಡು ಗೆಳೆಯ ಬರುವುದು ತಡವಾಯಿತು. ತಾಳಮಲೆಯಿಂದ ಬರುವ ಟೈಲರ್ ಹೆಂಗಸು ನನ್ನ ಮುಖ ನೋಡಿದಳು.

“ನೀವೇ ಆಕಿ ಅಕ್ಕಾ. ವಾರ ವಾರ ನಮ್ಗೆ ಏಳ್ತೀರಲ್ಲ.”

ತಪ್ಪಿಸಿಕೊಳ್ಳುವಂತಿರಲಿಲ್ಲ. ಸ್ಪೀಕರಿನ ವೈರನ್ನು ನನ್ನ ಫೋನಿಗೆ ಸಿಕ್ಕಿಸಿದೆ. ಮೊದಲ ಹಾಡು ಎಷ್ಟು ವೇಗದ್ದೆಂದರೆ ಹೊಸಬರು ಕಾಲಿಗೆ ಕಾಲು ತೊಡರಿಸಿಕೊಂಡು ನಿಂತುಬಿಟ್ಟರು. ಬದಲಿಸಿದೆ, ಅದು ತೂಕಡಿಕೆ ಬರುವಷ್ಟು ನಿಧಾನ. ಅದೂ ನಡುವೆ ನಿಂತು ಫೋನು ರಿಂಗಾಯಿತು. ಗಾಬರಿಯಲ್ಲಿ ಕಟ್ ಮಾಡಲು ಹೋಗಿ ಎತ್ತಿಬಿಟ್ಟೆ. ಅತ್ತೆಯ ದನಿ ಮಹಡಿಯ ತುಂಬ ಮೊಳಗಿತು.

“ಎಲ್ಲಿದ್ದೀಯವ್ವಾ? ನಿಮ್ಮಾವ ಸಿಡಿಸಿಡಿ ಅಂತಾವ್ರೆ. ಅವ್ರ ಸೊಸೆ ಊರ ಎಂಗಸ್ರನ್ನೆಲ್ಲ ಕುಣಿಸ್ತಾಳೆ ಅಂತ ಟೀ ಅಂಗ್ಡೀಲಿ ಆಡ್ಕತಾವ್ರಂತೆ. ನಾನೇನ್ ಏಳ್ಲಿ?”

ಫೋನು ಆರಿಸಿದೆ. ಯಾರೂ ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಅಂಥ ಮಾತು ಅವರವರ ಮನೆಯಲ್ಲೂ ಕೇಳಿದ್ದೇ ಇರಬೇಕು, ಎಲ್ಲರೂ ನೆಲ ನೋಡುತ್ತಿದ್ದರು. ಕೊನೆಗೂ ಗೆಳೆಯ ಹೆಲ್ಮೆಟ್ ಹಿಡಿದು ಮೆಟ್ಟಿಲೇರಿ ಬಂದಾಗ ವೈರನ್ನು ಅವನತ್ತ ಚಾಚಿದೆ. ಫೋನು ಬಂದಾಗ ಆದ ನಾಚಿಕೆಗಿಂತ, ಹೆದರಬೇಡಿ ಎನ್ನುತ್ತಿದ್ದವಳೇ ಹಾಗೆ ಚಾಚಿದ ಕೈಯ ನಾಚಿಕೆ ದೊಡ್ಡದಾಗಿತ್ತು.

ಟೈಲರ್ ಹೆಂಗಸು ನಡುವೆ ಬಂದು ವೈರು ಹಿಡಿದಳು. “ಇರಣ್ಣಾ. ನಾನೊಂದು ಪಾಟು ಆಕ್ತೀನಿ.”

“ಭಯ ಆಗಲ್ವಾ?” ಎಂದೆ.

“ನೀವೇ ಇಷ್ಟು ಕೆಡಿಸಿದ್ರಲ್ಲ ಅಕ್ಕಾ. ಇನ್ನು ನಾನು ಕೆಡಿಸಾಕೆ ಏನೈತೆ?”

ಆಗ ಎಲ್ಲರೂ ನಕ್ಕರು. ಗೆಳೆಯ ತನ್ನ ಹಾಡುಗಳಿದ್ದ ಲ್ಯಾಪ್‌ಟಾಪನ್ನು ಅವಳಿಗೆ ಕೊಟ್ಟು ಗೋಡೆಗೊರಗಿ ಕೂತ. ಅವಳು ಒಂದು ಹಾಡನ್ನು ಅರ್ಧ ಕೇಳಿ ಬದಲಿಸಿದಳು, ಮತ್ತೆ ಬದಲಿಸಿದಳು. ಅಷ್ಟು ಹೊತ್ತೂ ಜೋಡಿಗಳು ಕೈ ಬಿಡದೆ ಕಾದರು. ಆಮೇಲೆ ಇನ್ನೊಬ್ಬಳು, ಮುಂದಿನದು ತನಗೆ ಬಿಡಬೇಕೆಂದು ಪಕ್ಕದಲ್ಲಿ ಹೋಗಿ ನಿಂತಳು. ಯಾರೋ ನನ್ನನ್ನೂ ಎಳೆದರು. ಕುಣಿದೆ, ಹಾಡು ಮುಗಿಯುವವರೆಗೂ ಮುಖ ಮಾತ್ರ ಎತ್ತಲಾಗಲಿಲ್ಲ.