ಕವಲಿಗೆ ಹಾಕಿದ ಬೇವಿನ ಸೊಪ್ಪು

ಕಾಡಿನಲ್ಲಿ ಯಾರೋ ದಾರಿ ತೋರಿಸಿದರು, ತಿರುಗಿ ನೋಡಿದರೆ ಯಾರೂ ಇರಲಿಲ್ಲ ಎಂದು ಹೇಳುವವರನ್ನು ಕಂಡರೆ ನಗುತ್ತಿದ್ದವನು ನಾನು. ಈಗ ನಗುವುದಿಲ್ಲ. ಏಕೆಂದು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಹೊನ್ನಾಳಿಯಲ್ಲಿ ನಾವು ಆರು ಮಂದಿ ಸೇರಿ ಒಂದು ನಡಿಗೆ ಸಂಘ ಮಾಡಿಕೊಂಡಿದ್ದೆವು. ಶನಿವಾರ ಬುತ್ತಿ ಕಟ್ಟಿಕೊಂಡು ಹೊರಟರೆ ಗುಡ್ಡ, ಕಾಡು ಸುತ್ತಿ ಭಾನುವಾರ ಮನೆ ಸೇರುವುದು. “ಹೆಂಗೂ ಅಲೀತಾರೆ, ನಾಲ್ಕು ದನನಾದ್ರೂ ಹೊಡ್ಕಂಡು ಹೋಗಾಕೆ ಹೇಳ್ರೇ” ಎಂದು ನಮ್ಮ ಅತ್ತಿಗೆ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು. ನಮ್ಮಲ್ಲಿ ಹಿರಿಯರು ತಿಪ್ಪಣ್ಣ ಮೇಷ್ಟ್ರು. ನಗಿಸುವವನು ಟೈಲರ್ ರಹಿಮಾನ್.

ಆ ಭಾನುವಾರ ಸವಳಂಗದ ಆಚೆಯ ಗುಡ್ಡದಲ್ಲಿದ್ದೆವು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ರಹಿಮಾನನ ಹಿಮ್ಮಡಿಗೆ ಹಾವು ಕಚ್ಚಿತು. ಯಾವ ಹಾವೆಂದು ಯಾರೂ ಸರಿಯಾಗಿ ನೋಡಲಿಲ್ಲ. ದವಾಖಾನೆಯ ಊರಿಗೆ ಹೋಗಲು ಇದ್ದಿಲಿನಿಂದ ಓಡುವ ಒಂದೇ ಬಸ್ಸು, ಸಂಜೆ ಸವಳಂಗದಿಂದ ಹೊರಡುತ್ತಿತ್ತು. ಅದನ್ನು ತಡೆಯಲು ಮೇಷ್ಟ್ರು ಮುಂದೆ ಓಡಿದರು. ನಾವು ನಾಲ್ವರು ರಹಿಮಾನನನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಹಿಂದೆ ಹೊರಟೆವು. ದಾರಿ ಗೊತ್ತಿದ್ದದ್ದು ಮೇಷ್ಟ್ರಿಗೆ ಮಾತ್ರ ಎಂಬುದು ಮೊದಲ ಕವಲಿಗೆ ಬಂದಾಗ ನಮಗೆ ಹೊಳೆಯಿತು.

ಅಲ್ಲಿ ಎಡದ ದಾರಿಗೆ ಅಡ್ಡಲಾಗಿ ಒಂದು ಹಸಿರು ಕೊಂಬೆ, ಅದರ ಮೇಲೊಂದು ಕಲ್ಲು. ಮುಂದೆ ಹೋದವರು ಹೋಗಬಾರದ ದಾರಿಗೆ ಸೊಪ್ಪು ಹಾಕಿ ಹೋಗುವುದು ನಮ್ಮಜ್ಜ ಬಂಡಿ ಹೊಡೆಯುತ್ತಿದ್ದ ಕಾಲದಿಂದ ಬಂದ ಪದ್ಧತಿ. “ಮೇಷ್ಟ್ರು ಮರ್ತಿಲ್ಲ ನೋಡ್ರಿ!” ಎಂದು ಬಲಕ್ಕೆ ತಿರುಗಿದೆವು. ಮುಂದೆ ಇನ್ನೊಂದು ಕವಲು, ಇನ್ನೊಂದು ಕೊಂಬೆ.

ಮೂರನೆಯ ಕವಲಿನಲ್ಲಿ ಹೆಗಲು ಬದಲಿಸಲು ಇಳಿಸಿದಾಗ ರಹಿಮಾನ್ ಕಣ್ಣು ಮುಚ್ಚಿದ್ದ. ಬೇವಿನ ಎಲೆ ಕಹಿ ಹತ್ತದಿದ್ದರೆ ವಿಷ ಏರಿದೆ ಎಂದೇ ಅರ್ಥ ಎಂದು ಹಿರಿಯರು ಹೇಳುತ್ತಿದ್ದರು. ಅಲ್ಲಿ ಅಡ್ಡ ಬಿದ್ದಿದ್ದೂ ಬೇವಿನ ಕೊಂಬೆಯೇ. ನಾಲ್ಕು ಎಲೆ ಕಿತ್ತು ಅವನ ಬಾಯಿಗಿಟ್ಟೆ. ಅಗಿದ. ಆಮೇಲೆ ಮುಖ ಕಿವುಚಿ ಉಗಿದ.

“ಥೂ! ಇದಕ್ಕಿಂತ ನಿಮ್ಮನೆ ಬುತ್ತೀನೇ ವಾಸಿ ಐತಲ್ರೀ ಅಣ್ಣಾರೆ!”

ನಾವು ಅಳುತ್ತ ನಗುತ್ತ ಓಡಿದೆವು. ಬಸ್ಸಿನ ಮುಂದೆ ಮೇಷ್ಟ್ರು ಎರಡೂ ಕೈ ಅಗಲಿಸಿ ನಿಂತಿದ್ದರು. ದವಾಖಾನೆಯಲ್ಲಿ ಮೂರು ದಿನವಿದ್ದು ರಹಿಮಾನ್ ಎದ್ದು ಬಂದ.

ಸೊಪ್ಪು ಹಾಕಿ ನಮ್ಮನ್ನು ಉಳಿಸಿದಿರಿ ಎಂದು ಕೈಮುಗಿದಾಗ ಮೇಷ್ಟ್ರು ನನ್ನ ಮುಖವನ್ನೇ ನೋಡಿದರು.

“ಯಾವ ಸೊಪ್ಪೋ ಮಾರಾಯ? ನಾನು ಹಳ್ಳಕ್ಕಿಳಿದು ಅಡ್ಡ ಓಡ್ದೆ. ನಿಮಗೆ ದಾರಿ ಹೇಳಲಿಲ್ಲ ಅಂತ ಎದೆ ಹೊಡ್ಕಂತಿತ್ತು.”

ದನ ಕಾಯುವವರು ಯಾರೋ ಹಾಕಿರಬೇಕೆಂದು ಮುಂದಿನ ಭಾನುವಾರ ಹೋಗಿ ನೋಡಿದೆ. ಮೂರು ಕವಲಿನಲ್ಲೂ ಕಲ್ಲುಗಳಿದ್ದವು. ಸೊಪ್ಪನ್ನು ಆಡು ತಿಂದಿರಬಹುದು, ಅದಿರಲಿ. ಆ ಗುಡ್ಡದಲ್ಲಿ ಬೇವಿನ ಮರವೇ ಇಲ್ಲ. ಆಮೇಲೂ ಎರಡು ಸಲ ಹೋಗಿ ಹುಡುಕಿದ್ದೇನೆ. ಯಾರೋ ಊರಿನಿಂದ ತಂದರೆನ್ನೋಣವೆಂದರೆ, ಅಂದು ನಾನು ಎಲೆ ಕಿತ್ತ ಕೊಂಬೆಯ ಮುರಿದ ತುದಿ ಆಗತಾನೇ ಕಿತ್ತಂತೆ ಒದ್ದೆಯಾಗಿತ್ತು.

ಈಗಲೂ ರಹಿಮಾನನ ಅಂಗಡಿಯಲ್ಲಿ ಕೂತಾಗ ಈ ಮಾತು ತೆಗೆಯುತ್ತೇನೆ. ಅವನು ಮಿಷನ್ ತುಳಿಯುವುದನ್ನೂ ನಿಲ್ಲಿಸುವುದಿಲ್ಲ.

“ಯಾರು ಹಾಕಿದ್ರೋ ಯಾಕ್ ಬೇಕ್ರೀ ಅಣ್ಣಾರೆ? ಕಹಿ ಹತ್ತಿತಲ್ಲ!”